ಮೊಲದ ಓಟ, ಕರುವಿನ ಪಯಣ

ನಾನು ವಾಸಿಸುವ ಊರಿನ ಹೆಸರಿನಲ್ಲಿಯೇ ಒಂದು ಮೀನಿದೆ. ಲೀಕ್ಸ್‌ಲಿಪ್ ಎಂಬುದು ಲಿಫಿ ನದಿಯ ಗುಂಟ ಬಂದ ವೈಕಿಂಗರ ನಾರ್ಸ್ ಭಾಷೆಯಿಂದ ಉಳಿದ ಹೆಸರು. ಸಾಲ್ಮನ್ ಮೀನಿನ ಜಿಗಿತ ಎಂದು ಅದರ ಅರ್ಥ. ಊರಿನ ಐರಿಷ್ ಹೆಸರು ಕೂಡ ಅದನ್ನೇ ಹೇಳುತ್ತದೆ. ಮೊಟ್ಟೆಯಿಡಲು ಕಡಲಿನಿಂದ ನದಿಯೇರಿ ಬರುವ ಮೀನುಗಳು ಇಲ್ಲಿಯ ಬಂಡೆಗಳ ಮೇಲಿನ ಜಲಪಾತವನ್ನು ಜಿಗಿದು ದಾಟುತ್ತಿದ್ದವು. 1940ರ ದಶಕದಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದಾಗ ಆ ಜಲಪಾತ ಮುಳುಗಿತು. ಮೀನುಗಳನ್ನು ಆಚೆಗೆ ದಾಟಿಸಲು ಅಣೆಕಟ್ಟಿನಲ್ಲಿ ಲಿಫ್ಟಿನಂಥದೊಂದು ವ್ಯವಸ್ಥೆಯನ್ನೂ ಮಾಡಿದರು. ಪ್ರಾಣಿಯ ಹೆಸರನ್ನು ಊರಿಗಿಟ್ಟುಕೊಂಡು, ಅದರ ದಾರಿಯನ್ನು ಮುಚ್ಚಿ, ಬಳಿಕ ಕನಿಕರಿಸಿ ಒಂದು ಸಂದು ಬಿಡುವುದು ಮನುಷ್ಯನ ಹಳೆಯ ಸ್ವಭಾವವಿರಬೇಕು.

1989ರಲ್ಲಿ ಇಂಟೆಲ್ ಸಂಸ್ಥೆ ತನ್ನ ಕಾರ್ಖಾನೆಗೆ ಈ ಊರನ್ನು ಆರಿಸಿಕೊಂಡಿತು. ಅದರ ಹಿಂದೆಯೇ ಬಂದ ನಾನಾ ಉದ್ಯೋಗಗಳ ನೆಪದಲ್ಲಿ ಲೀಕ್ಸ್‌ಲಿಪ್, ಮೇನೂತ್, ಲೂಕನ್ ಸುತ್ತಮುತ್ತ ಕನ್ನಡದ ಮನೆಗಳೂ ಹುಟ್ಟಿಕೊಂಡವು. ಕಳೆದ ನವೆಂಬರಿನಲ್ಲಿ ನಾವು ಕೆಲವು ಕುಟುಂಬಗಳು ಸೇರಿ ರಾಜ್ಯೋತ್ಸವದ ಊಟ ಏರ್ಪಡಿಸಿದೆವು. ಪ್ರತಿ ಮನೆಯಿಂದ ಒಂದು ಅಡುಗೆ ಎಂಬುದು ಏರ್ಪಾಟು. ವಾಟ್ಸಪ್ ಗುಂಪಿಗೆ ಆಹ್ವಾನ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 'ಎಲ್ಲರಿಗೂ ಅನುಕೂಲವಾಗುವಂತೆ ಊಟ ಶುದ್ಧ ಸಸ್ಯಾಹಾರಿಯಾಗಿರಲಿ' ಎಂಬ ಸಾಲನ್ನು ನಾನು ಯಾವ ಯೋಚನೆಯನ್ನೂ ಮಾಡದೆ ಸೇರಿಸಿದೆ. ನಾನು ಹುಟ್ಟಿ ಬೆಳೆದದ್ದು ಸಸ್ಯಾಹಾರಿ ಮನೆಯಲ್ಲಿ. ಆ ಸಾಲು ನನಗೆ ಸೌಜನ್ಯವೆಂದೇ ತೋರಿತ್ತು. ಮದ್ದೂರು ಸೀಮೆಯಿಂದ ಬಂದ ಗೆಳೆಯನೊಬ್ಬ ಕೋಳಿಸಾರು, ಮುದ್ದೆ ಮಾಡಿ ತರುವುದಾಗಿ ಮೊದಲೇ ಹೇಳಿದ್ದ. ಅವನು ಬರಲಿಲ್ಲ. ವಾರದ ಮೇಲೆ ಸಿಕ್ಕಾಗ ನಗುತ್ತಲೇ ಅಂದ: "ಸಾರು ಬ್ಯಾಡ ಅಂದ್ರೆ ನಮ್ಮವ್ವನ ಕೈನೇ ಬ್ಯಾಡ ಅಂದಂಗೆ ಕಣಣ್ಣ."

ಡಿಸೆಂಬರ್ 26ರಂದು ಅದೇ ಗುಂಪಿಗೆ ಕೆಲವು ಚಿತ್ರಗಳು ಬಂದವು. ಕ್ರಿಸ್‌ಮಸ್ಸಿನ ಮರುದಿನ ಐರ್ಲೆಂಡಿನ ಹಳ್ಳಿಗಳಲ್ಲಿ ನರಿಬೇಟೆಯ ತಂಡಗಳು ಸೇರುವ ಸಂಪ್ರದಾಯವಿದೆ. ಕಿಲ್ಡೇರ್ ಜಿಲ್ಲೆಯ ಹಳ್ಳಿಯೊಂದಕ್ಕೆ ಹೋಗಿದ್ದ ನಮ್ಮವರು ಕೆಂಪು ಕೋಟಿನ ಸವಾರರ ಪಕ್ಕ, ಬಾಲವಾಡಿಸುತ್ತಿದ್ದ ಬೇಟೆನಾಯಿಗಳ ನಡುವೆ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆದಿದ್ದರು. 'ಎಷ್ಟು ಚೆಂದ' ಎಂದು ಹತ್ತಾರು ಮಂದಿ ಬರೆದರು. ಹೆಬ್ಬೆರಳಿನ ಗುರುತು ಒತ್ತಿದವರಲ್ಲಿ ನಾನೂ ಒಬ್ಬ. ಕರುಣೆಯ ಹೆಸರಿನಲ್ಲಿ ಕೋಳಿಸಾರನ್ನು ಹೊರಗಿಟ್ಟ ಕೈಯೇ ನರಿಯನ್ನು ಅಟ್ಟಿ ಕೊಲ್ಲುವ ವಿನೋದಕ್ಕೆ ಮೆಚ್ಚುಗೆ ಸೂಚಿಸಿತ್ತು. ಈ ಲೇಖನ ಆ ಎರಡು ಗಳಿಗೆಗಳ ನಡುವಿನ ಅಂತರವನ್ನು ಅರ್ಥಮಾಡಿಕೊಳ್ಳುವ ಪ್ರಯತ್ನ.

ಮೊದಲು ಬೇಟೆಯ ವಿಚಾರ. ಇಂಗ್ಲೆಂಡ್ ಮತ್ತು ವೇಲ್ಸ್ 2004ರ ಕಾಯ್ದೆಯ ಮೂಲಕ ನಾಯಿಗಳಿಂದ ನರಿಯನ್ನು ಬೇಟೆಯಾಡಿಸುವುದನ್ನು ನಿಷೇಧಿಸಿದವು. ಸ್ಕಾಟ್‌ಲೆಂಡ್ ಅದಕ್ಕೂ ಎರಡು ವರ್ಷ ಮೊದಲೇ ಕಾನೂನು ಮಾಡಿತ್ತು. ಐರ್ಲೆಂಡಿನಲ್ಲಿ ಅದು ಕಾನೂನುಬದ್ಧವಾಗಿಯೇ ಮುಂದುವರಿಯಿತು. ಅದರ ಜೊತೆಗೆ ಮೊಲದ ಕೋರ್ಸಿಂಗ್ ಎಂಬ ಇನ್ನೊಂದು ಆಟವೂ ಇದೆ. ಸರ್ಕಾರದ ಪರವಾನಗಿ ಪಡೆದು ಕಾಡುಮೊಲಗಳನ್ನು ಬಲೆ ಹಾಕಿ ಹಿಡಿಯುತ್ತಾರೆ; ಕೆಲಕಾಲ ಕೂಡಿಟ್ಟು ಓಡಲು ಪಳಗಿಸುತ್ತಾರೆ; ಬೇಲಿ ಹಾಕಿದ ಬಯಲಿನಲ್ಲಿ ಮೊಲವನ್ನು ಬಿಟ್ಟು ಅದರ ಹಿಂದೆ ಎರಡು ಗ್ರೇಹೌಂಡ್ ನಾಯಿಗಳನ್ನು ಬಿಡುತ್ತಾರೆ. ಮೊಲದ ದಿಕ್ಕು ತಪ್ಪಿಸಿದ ನಾಯಿ ಗೆದ್ದಂತೆ. ಟಿಪ್ಪರೇರಿಯ ಕ್ಲಾನ್ಮೆಲ್ ಪಟ್ಟಣದಲ್ಲಿ ಫೆಬ್ರವರಿಯ ಹೊತ್ತಿಗೆ ನಡೆಯುವ ರಾಷ್ಟ್ರೀಯ ಕೂಟಕ್ಕೆ ಸಾವಿರಾರು ಜನ ಸೇರುತ್ತಾರೆ. 1993ರಿಂದ ನಾಯಿಗಳ ಬಾಯಿಗೆ ಕುಕ್ಕೆ ಕಟ್ಟಬೇಕೆಂಬ ನಿಯಮ ಬಂದಿತು. ಮೊದಲಿನಂತೆ ಮೊಲಗಳು ಸೀಳಿಹೋಗುವುದಿಲ್ಲ, ನಿಜ. ಆದರೆ ನಾಯಿಯ ಮೈಭಾರಕ್ಕೆ ಸಿಕ್ಕು ಎಲುಬು ಮುರಿದುಕೊಳ್ಳುವ, ಗಾಯದಿಂದ ಸಾಯುವ ಮೊಲಗಳು ಇದ್ದೇ ಇವೆ. 2016ರಲ್ಲಿ ಈ ಆಟವನ್ನು ನಿಷೇಧಿಸುವ ಮಸೂದೆ ಐರಿಷ್ ಸಂಸತ್ತಿಗೆ ಬಂದಾಗ 114 ಮತಗಳು ವಿರುದ್ಧವಾಗಿ ಬಿದ್ದವು, ಪರವಾಗಿ ಬಿದ್ದವು ಕೇವಲ 20.

ಇದನ್ನು ಸಮರ್ಥಿಸುವವರ ವಾದವನ್ನು ಹಗುರಾಗಿ ತಳ್ಳಿಹಾಕಬಾರದು. ಇದು ಹಳ್ಳಿಯ ಬದುಕಿನ ಭಾಗ, ಚಳಿಗಾಲದ ಒಂಟಿತನದಲ್ಲಿ ಜನ ಸೇರುವ ನೆಪ, ನಗರದವರಿಗೆ ಗ್ರಾಮೀಣ ಜೀವನ ಅರ್ಥವಾಗದು ಎಂದು ಅವರು ಹೇಳುತ್ತಾರೆ. ನರಿ ಕುರಿಮರಿಗಳನ್ನು ಹಿಡಿಯುತ್ತದೆ, ಅದರ ಸಂಖ್ಯೆ ಹತೋಟಿಯಲ್ಲಿರಬೇಕು ಎನ್ನುತ್ತಾರೆ. ಆದರೆ ಈ ಎರಡನೆಯ ಮಾತು ಮೊಲಕ್ಕೆ ಅನ್ವಯಿಸುವುದಿಲ್ಲ. ಐರಿಷ್ ಮೊಲ 1976ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಆಟಕ್ಕೆ ಬೇಕೆಂದೇ ಅದನ್ನು ಹಿಡಿಯಲು ಪರವಾನಗಿ ಕೊಡಲಾಗುತ್ತದೆ. ನಮ್ಮ ಪಕ್ಕದ ಮೀಥ್ ಜಿಲ್ಲೆಯಲ್ಲಿ ನಡೆಯುತ್ತಿದ್ದ ಜಿಂಕೆಬೇಟೆಯಲ್ಲಂತೂ ಸಾಕಿದ ಗಂಡುಜಿಂಕೆಯನ್ನು ಗಾಡಿಯಲ್ಲಿ ತಂದು ಬಿಟ್ಟು, ನಾಯಿ ಕುದುರೆಗಳೊಂದಿಗೆ ಅಟ್ಟಿ, ಕೊನೆಗೆ ಹಿಡಿದು ಮರಳಿ ಒಯ್ಯುತ್ತಿದ್ದರು. ಅಲ್ಲಿ ಮಾಂಸವೂ ಬೇಕಿರಲಿಲ್ಲ, ಬೆಳೆಯ ರಕ್ಷಣೆಯ ಪ್ರಶ್ನೆಯೂ ಇರಲಿಲ್ಲ. ಬೇಕಾಗಿದ್ದದ್ದು ಜೀವವೊಂದು ಪ್ರಾಣಭಯದಿಂದ ಓಡುವ ನೋಟ. 2010ರಲ್ಲಿ ಸಂಸತ್ತು ಅದನ್ನು ನಿಲ್ಲಿಸಿತು. ಜಿಂಕೆಯ ವಿಷಯದಲ್ಲಿ ಒಪ್ಪಿದ ತರ್ಕವನ್ನು ಮೊಲ ಮತ್ತು ನರಿಗಳ ವಿಷಯದಲ್ಲಿ ಒಪ್ಪದಿರಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇದನ್ನು ಬರೆಯುವಾಗ ಪರದೇಶದಲ್ಲಿ ಕುಳಿತು ಪರರ ಸಂಪ್ರದಾಯಕ್ಕೆ ಬುದ್ಧಿ ಹೇಳುವ ದಾರ್ಷ್ಟ್ಯ ನನ್ನದಾಗಬಾರದು ಎಂಬ ಎಚ್ಚರವಿದೆ. ನಮ್ಮ ನಾಡೇನೂ ಇದರಿಂದ ಹೊರತಲ್ಲ. ನನ್ನ ಗೆಳೆಯನ ಮದ್ದೂರು ಸೀಮೆಯಲ್ಲಿಯೇ ಆತಕೂರು ಇದೆ. ಕ್ರಿ.ಶ. 949-50ರ ಅಲ್ಲಿಯ ಶಾಸನ ಕನ್ನಡಿಗರಿಗೆ ಪರಿಚಿತವಾದದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗದೊರೆ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದ. ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟರು, ಭೂಮಿಯನ್ನು ದತ್ತಿಬಿಟ್ಟರು. ಸಾವಿರ ವರ್ಷಗಳ ಹಿಂದೆ ಒಂದು ನಾಯಿಗಾಗಿ ಕಲ್ಲು ಕೆತ್ತಿಸಿದ ಮನಸ್ಸಿನ ಬಗ್ಗೆ ನನಗೆ ಪ್ರೀತಿಯಿದೆ. ಆದರೂ ಆ ಶಾಸನದಲ್ಲಿ ನಾಯಿಗೆ ಹೆಸರಿದೆ, ಹಂದಿಗೆ ಇಲ್ಲ. ನಮಗಾಗಿ ಕೊಲ್ಲುವ ಪ್ರಾಣಿಯನ್ನು ನಾವು ಹೆಸರಿಟ್ಟು ಕರೆಯುತ್ತೇವೆ, ಕೊಲ್ಲಿಸಿಕೊಳ್ಳುವ ಪ್ರಾಣಿ ಬರಿಯ ಜಾತಿವಾಚಕವಾಗಿ ಉಳಿಯುತ್ತದೆ. ಕ್ಲಾನ್ಮೆಲ್ಲಿನಲ್ಲಿಯೂ ಹಾಗೆಯೇ: ಗ್ರೇಹೌಂಡುಗಳ ವಂಶಾವಳಿಯೇ ದಾಖಲೆಯಲ್ಲಿರುತ್ತದೆ, ಮೊಲ ಮಾತ್ರ ಮೊಲ.

ಕೊಲೆಗೂ ಕೊಲೆಗೂ ನಡುವೆ ವ್ಯತ್ಯಾಸ ಎಲ್ಲಿದೆ ಎಂಬ ಪ್ರಶ್ನೆಯನ್ನು ಕನ್ನಡ ಸಾಹಿತ್ಯ ಬಹಳ ಹಿಂದೆಯೇ ಎತ್ತಿಕೊಂಡಿದೆ. ಜನ್ನನ 'ಯಶೋಧರ ಚರಿತೆ' ಸುಮಾರು 1209ರ ಕೃತಿ. ಅಲ್ಲಿ ಯಶೋಧರ ಜೀವಂತ ಕೋಳಿಯನ್ನು ಬಲಿಕೊಡಲು ಒಪ್ಪದೆ, ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಜೀವವೇನೂ ಹೋಗಲಿಲ್ಲ ಎಂದು ನಮಗೆ ಅನಿಸಬಹುದು. ಕಾವ್ಯ ಒಪ್ಪುವುದಿಲ್ಲ. ಕೊಲ್ಲುವ ಸಂಕಲ್ಪವಿತ್ತಲ್ಲ ಎನ್ನುತ್ತದೆ. ತಾಯಿ ಮಗ ಇಬ್ಬರನ್ನೂ ಪ್ರಾಣಿಜನ್ಮಗಳ ಮೂಲಕ ಅಲೆಸಿ, ಕೊಲ್ಲಿಸಿಕೊಳ್ಳುವುದು ಎಂದರೇನೆಂದು ಅವರಿಗೆ ತೋರಿಸುತ್ತದೆ. ಪುನರ್ಜನ್ಮವನ್ನು ನಂಬದ ನನ್ನಂಥವನಿಗೂ ಈ ಕಥೆಯ ತಿರುಳು ಮುಖ್ಯವೆನಿಸುತ್ತದೆ. ಕೊಂದ ಪ್ರಾಣಿಗಳ ಲೆಕ್ಕದ ಜೊತೆಗೆ ಕೊಲ್ಲುವ ಮನಸ್ಸಿಗೆ ಏನು ಬೇಕಾಗಿತ್ತು ಎಂಬುದನ್ನೂ ಕೇಳಬೇಕು. ಗೆಳೆಯನ ತಾಯಿ ಕೋಳಿ ಕೊಯ್ಯುವಾಗ ಅವರಿಗೆ ಬೇಕಾದದ್ದು ಮನೆಗೆ ಬಂದ ಮಗನ ಹೊಟ್ಟೆ ತುಂಬಿಸುವುದು. ಕೋಳಿ ಒದ್ದಾಡದೆ ಸತ್ತರೆ ಅವರಿಗೆ ಸಮಾಧಾನ. ಕೋರ್ಸಿಂಗ್ ನೋಡಲು ಟಿಕೀಟು ಕೊಂಡವನಿಗೆ ಮೊಲ ಒದ್ದಾಡದಿದ್ದರೆ ಆಟವೇ ಇಲ್ಲ. ಒಂದು ಕಡೆ ನೋವು ತಪ್ಪಿಸಬೇಕಾದ ಸಂಗತಿ, ಇನ್ನೊಂದು ಕಡೆ ನೋವೇ ಸರಕು.

ಇವೆರಡೂ ಬೆರೆತಿರುವ ಕಡೆಗಳೂ ಉಂಟು. ತುಳುನಾಡಿನ ಕೋಳಿ ಅಂಕದಲ್ಲಿ ಕಾಲಿಗೆ ಬಾಳು ಕಟ್ಟಿದ ಹುಂಜಗಳು ಕಾದಾಡುತ್ತವೆ. ಸೋತ ಹುಂಜ ಗೆದ್ದವನ ಮನೆಯ ಸಾರಿಗೆ ಹೋಗುತ್ತದೆ. ಹೇಗೂ ತಿನ್ನುತ್ತೇವಲ್ಲ ಎಂದು ಅದನ್ನು ಸಮರ್ಥಿಸುವವರಿದ್ದಾರೆ. ಕೊನೆಯಲ್ಲಿ ತಿಂದೆವೆಂಬ ಕಾರಣಕ್ಕೆ ಮೊದಲಿನ ಕ್ರೌರ್ಯ ಊಟವಾಗುವುದಿಲ್ಲ. ಐರಿಷ್ ಬೇಟೆಗೆ ಒಂದು ಅಳತೆಗೋಲು, ನಮ್ಮೂರಿನ ಅಂಕಕ್ಕೆ ಇನ್ನೊಂದು ಎಂದು ಹಿಡಿದರೆ ನನ್ನ ಮಾತಿಗೆ ಬೆಲೆಯಿರದು.

ಇಷ್ಟರವರೆಗೆ ಪ್ರಗತಿಪರ ಓದುಗರು ಒಪ್ಪಬಹುದು. ಕಷ್ಟದ ಭಾಗ ಮುಂದಿದೆ.

ಪ್ರಾಣಿದಯೆಯ ಕಾನೂನುಗಳ ಇತಿಹಾಸವನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸಾಕುಪ್ರಾಣಿಗಳ ಹಿಂಸೆಯ ವಿರುದ್ಧ 1822ರಲ್ಲಿ ಬ್ರಿಟಿಷ್ ಸಂಸತ್ತು ಮಾಡಿದ ಕಾಯ್ದೆಯ ಹಿಂದೆ ಇದ್ದವನು ಐರ್ಲೆಂಡಿನ ಗಾಲ್ವೆಯ ರಿಚರ್ಡ್ ಮಾರ್ಟಿನ್. ಅದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಅದು ಕುದುರೆ, ಕತ್ತೆ, ದನ, ಕುರಿಗಳನ್ನು ಹೊಡೆಯುವವರನ್ನು ಶಿಕ್ಷಿಸಿತು, ಎಂದರೆ ಗಾಡಿ ಹೊಡೆಯುವ, ದನ ಅಟ್ಟುವ ಬಡವರನ್ನು. ಜಮೀನ್ದಾರರ ನರಿಬೇಟೆ ಅದರ ವ್ಯಾಪ್ತಿಗೆ ಬರಲಿಲ್ಲ. ಐರ್ಲೆಂಡಿನ 2013ರ ಪ್ರಾಣಿ ಕಲ್ಯಾಣ ಕಾಯ್ದೆಯೂ ಕ್ರೌರ್ಯವನ್ನು ವಿಸ್ತಾರವಾಗಿ ನಿಷೇಧಿಸಿ, ಬೇಟೆ ಮತ್ತು ಕೋರ್ಸಿಂಗಿಗೆ ವಿನಾಯಿತಿಯ ಬಾಗಿಲು ತೆರೆದಿಟ್ಟಿದೆ.

ಕರ್ನಾಟಕದಲ್ಲಿ ಇದೇ ಕಥೆಗೆ ಜಾತಿಯ ಬಣ್ಣವೂ ಸೇರುತ್ತದೆ. ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. ಕಾಕನಕೋಟೆಯ ಖೆಡ್ಡಾ ಗಣ್ಯ ಅತಿಥಿಗಳ ಮನರಂಜನೆಯೂ ಆಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬರಬೇಕಾಗಿತ್ತು, ಬಾರದಿದ್ದರೆ ಹುಲಿ ಉಳಿಯುತ್ತಿರಲಿಲ್ಲ. ಆದರೆ ಅದರ ನಂತರ ನಡೆದುದೇನು? ಕಬಿನಿ ದಡದ ಅರಸರ ಬೇಟೆಯ ಬಂಗಲೆ ದುಬಾರಿ ಪ್ರವಾಸಿಧಾಮವಾಯಿತು. ನಾಗರಹೊಳೆಯ ಜೇನುಕುರುಬರು ತಮ್ಮ ಹಾಡಿಗಳಿಂದ ಹೊರದಬ್ಬಿಸಿಕೊಂಡರು. ಜೇನು, ಗೆಡ್ಡೆ, ಸಣ್ಣ ಬೇಟೆಗಳಲ್ಲಿ ಬದುಕಿದ್ದವರು ಸ್ವಂತ ಕಾಡಿನಲ್ಲಿಯೇ ಅಪರಾಧಿಗಳಾದರು. ವಿನೋದಕ್ಕಾಗಿ ಕೊಂದವರ ನೆನಪು ಗೋಡೆಯ ಮೇಲಿನ ಅಲಂಕಾರವಾಯಿತು, ಹಸಿವಿಗಾಗಿ ಕೊಂದವರ ಮೇಲೆ ಮೊಕದ್ದಮೆ ಬಿತ್ತು.

2021ರ ಆರಂಭದಲ್ಲಿ ಜಾರಿಗೆ ಬಂದ ಕರ್ನಾಟಕದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಹಸು, ಎತ್ತು, ಹೋರಿಗಳ ವಧೆಯನ್ನು ವಯಸ್ಸಿನ ಭೇದವಿಲ್ಲದೆ ನಿಷೇಧಿಸಿತು. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. 1964ರ ಹಳೆಯ ಕಾಯ್ದೆ ದುಡಿಯಲಾರದ ಮುದಿ ಎತ್ತನ್ನು ಮಾರಲು ರೈತನಿಗೆ ದಾರಿ ಬಿಟ್ಟಿತ್ತು. ಆ ದಾರಿ ಮುಚ್ಚಿತು. ಈ ಕಾಯ್ದೆಯಿಂದ ಪ್ರಾಣಿಯೊಂದರ ನೋವು ಕಡಿಮೆಯಾಯಿತೇ ಎಂಬುದಕ್ಕಿಂತ ಯಾರ ತಟ್ಟೆ, ಯಾರ ವ್ಯಾಪಾರ, ಯಾರ ಸಾಗಾಟ ಅಪರಾಧವಾಯಿತು ಎಂಬುದೇ ನಿಚ್ಚಳವಾಗಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಯಾದಗಿರಿ ಮೊದಲಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡವೆಂದವರಿಗೆ ಬಾಳೆಹಣ್ಣು ಇತ್ತು. ಬೇಕೆಂದವರಿಗೂ ಮೊಟ್ಟೆ ಸಿಗಬಾರದೆಂಬುದು ಹಟವಾಗಿತ್ತು. ನನ್ನ ಆಹ್ವಾನದ ಸಾಲು ಈ ಹಟದ ಸಣ್ಣ ಸೋದರನೆಂದು ನನಗೆ ತಡವಾಗಿ ಹೊಳೆಯಿತು. 'ಶುದ್ಧ' ಎಂಬ ಪದವನ್ನು ನಾನು ಯಾಕೆ ಬಳಸಿದೆ? ಪಕ್ಕದ ಪಾತ್ರೆಯಲ್ಲಿರುವ ಸಾರಿನಿಂದ ನನ್ನ ಅನ್ನ ಅಶುದ್ಧವಾಗುತ್ತದೆ ಎಂಬ ನಂಬಿಕೆ ಪ್ರಾಣಿಯ ಮೇಲಿನ ಕರುಣೆಯಿಂದ ಹುಟ್ಟಿದ್ದಲ್ಲ. ಅದರ ಹುಟ್ಟು ಬೇರೆ ಕಡೆ ಇದೆ, ಅದು ಎಲ್ಲಿ ಎಂದು ನಮಗೆಲ್ಲ ಗೊತ್ತಿದೆ.

ಆದರೆ ನಮ್ಮ ವಲಯದ ವಾದ ಇಲ್ಲಿಗೇ ನಿಲ್ಲುವುದನ್ನೂ ನಾನು ಕಂಡಿದ್ದೇನೆ. ಆಹಾರ ನಮ್ಮ ಹಕ್ಕು ಎಂಬುದು ಪೊಲೀಸನಿಗೆ ಕೊಡಬೇಕಾದ ಸರಿಯಾದ ಉತ್ತರ. ಪ್ರಾಣಿಗೆ ಅದು ಉತ್ತರವಲ್ಲ. ಜಾತಿಯ ಅಹಂಕಾರವನ್ನು ಬಯಲಿಗೆಳೆದ ಮಾತ್ರಕ್ಕೆ ಕೋಳಿಫಾರಮ್ಮಿನ ಬಾಗಿಲಿನಾಚೆ ಏನು ನಡೆಯುತ್ತದೆ ಎಂಬ ಪ್ರಶ್ನೆ ಕರಗಿಹೋಗುವುದಿಲ್ಲ. ಲೀಕ್ಸ್‌ಲಿಪ್ಪಿನ ಸೂಪರ್‌ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿರುವ ಕೋಳಿ ಐದಾರು ವಾರಗಳಷ್ಟೇ ಬದುಕಿದ್ದು. ತನ್ನ ಕಾಲು ತಾಳಲಾರದಷ್ಟು ವೇಗವಾಗಿ ಮೈ ಬೆಳೆಸಿಕೊಳ್ಳುವಂತೆ ಅದರ ತಳಿಯನ್ನೇ ರೂಪಿಸಲಾಗಿದೆ. ಗೆಳೆಯನ ತಾಯಿಯ ಹಿತ್ತಲಿನ ಕೋಳಿಗೂ ಇದಕ್ಕೂ ಹೆಸರೊಂದೇ ಸಮಾನ.

ಇನ್ನು ಸಸ್ಯಾಹಾರಿಯಾದ ನನ್ನ ಲೆಕ್ಕ. ಅದು ಹಾಲಿನಲ್ಲಿದೆ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಕರುಗಳಲ್ಲಿ ಸುಮಾರು ಅರ್ಧ ಗಂಡು. ಐರೋಪ್ಯ ಒಕ್ಕೂಟದ ಹಾಲಿನ ಕೋಟಾ 2015ರಲ್ಲಿ ರದ್ದಾದ ಮೇಲೆ ಐರ್ಲೆಂಡಿನ ಹೈನುಹಸುಗಳ ಸಂಖ್ಯೆ ಹದಿನೈದು ಲಕ್ಷವನ್ನು ಮೀರಿ ಬೆಳೆಯಿತು. ಹಾಲಿನ ತಳಿಯ ಗಂಡುಕರುವಿಗೆ ಮಾಂಸದ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆಯಿಲ್ಲ. ಪ್ರತಿ ವಸಂತದಲ್ಲಿ ಹುಟ್ಟಿ ಕೆಲವೇ ವಾರಗಳಾದ, ಇನ್ನೂ ಹಾಲು ಬಿಡದ ಸಾವಿರಾರು ಕರುಗಳನ್ನು ಲಾರಿಗೆ ತುಂಬಿ, ರಾಸ್ಲೇರ್ ಬಂದರಿನಿಂದ ರಾತ್ರಿಯಿಡೀ ಸಾಗುವ ಹಡಗಿನಲ್ಲಿ ಫ್ರಾನ್ಸಿನ ಶೆರ್‌ಬುರ್ಗಿಗೆ, ಅಲ್ಲಿಂದ ನೆದರ್‌ಲೆಂಡ್ಸ್ ಮೊದಲಾದ ಕಡೆಯ ಮಾಂಸದ ಸಾಕಣೆಗೆ ಕಳುಹಿಸುತ್ತಾರೆ. ಹಡಗಿನಲ್ಲಿ ಅವಕ್ಕೆ ಹಾಲು ಕುಡಿಸುವ ಅನುಕೂಲವಿಲ್ಲ. 2023ರ ಜುಲೈಯಲ್ಲಿ ಇಲ್ಲಿಯ ರಾಷ್ಟ್ರೀಯ ವಾಹಿನಿ ಆರ್‌ಟಿಇ ಈ ಕರುಗಳಿಗೆ ಸಂತೆಗಳಲ್ಲಿ ಬೀಳುವ ಹೊಡೆತಗಳನ್ನು ತೋರಿಸಿದಾಗ ದೇಶ ಬೆಚ್ಚಿತು. ಆ ರಾತ್ರಿ ನಮ್ಮ ಮನೆಯಲ್ಲಿ ಮೊಸರನ್ನವಿತ್ತು. ಗೆಳೆಯ ಕೋಳಿ ತಿನ್ನುತ್ತಾನೆ, ಹಾಗೆಂದು ಒಪ್ಪಿಕೊಳ್ಳುತ್ತಾನೆ. ನಾನು ಕರುವಿನ ಪಾಲಿನ ಹಾಲನ್ನು ಕುಡಿದು, ಕರುವನ್ನು ಕಣ್ಮರೆ ಮಾಡುವ ಕೆಲಸವನ್ನು ಇತರರಿಗೆ ಒಪ್ಪಿಸಿ, ಶುದ್ಧನಾಗಿ ಉಳಿಯುತ್ತೇನೆ. ಕರ್ನಾಟಕದಲ್ಲೂ ಮಿಶ್ರತಳಿ ಗಂಡುಕರುಗಳ ಗತಿ ಏನೆಂದು ಹೈನುಗಾರಿಕೆ ಮಾಡುವ ಯಾವ ರೈತನನ್ನಾದರೂ ಕೇಳಬಹುದು; ಕೊಲ್ಲಬಾರದೆಂಬ ಕಾಯ್ದೆ ಇದ್ದ ಮಾತ್ರಕ್ಕೆ ಅದನ್ನು ಸಾಕುವ ಹುಲ್ಲು ಹುಟ್ಟುವುದಿಲ್ಲ.

ಹೀಗಾದರೆ ಎಲ್ಲರೂ ಸಮಾನ ಪಾಪಿಗಳು, ಆದ್ದರಿಂದ ಯಾರೂ ಏನೂ ಹೇಳಬಾರದು ಎಂಬ ತೀರ್ಮಾನ ಸುಲಭ. ಅದು ನನಗೆ ಒಪ್ಪಿಗೆಯಿಲ್ಲ. ವಿನೋದಕ್ಕಾಗಿ ಪ್ರಾಣಿಯನ್ನು ಅಟ್ಟುವುದು, ಕಾದಿಸುವುದು, ಕೊಲ್ಲುವುದು ನಿಲ್ಲಬೇಕು. ಅದನ್ನು ಕಾನೂನೇ ನಿಲ್ಲಿಸಬೇಕು, ಕೆಂಪು ಕೋಟಿನವನಾಗಲಿ ಲುಂಗಿಯವನಾಗಲಿ ಒಂದೇ ನಿಯಮವಿರಬೇಕು. ಆಹಾರದ ವಿಷಯದಲ್ಲಿ ಕಾನೂನು ಯಾರ ತಟ್ಟೆಯಲ್ಲಿ ಯಾವ ಪ್ರಾಣಿ ಎಂದು ಇಣುಕಬಾರದು. ಸಾಕಣೆ, ಸಾಗಾಟ, ವಧೆಗಳಲ್ಲಿ ನೋವು ಎಷ್ಟು ಎಂಬುದನ್ನು ಮಾತ್ರ ಎಲ್ಲ ಪ್ರಾಣಿಗಳ ವಿಷಯದಲ್ಲೂ ಸಮನಾಗಿ ಅಳೆಯಬೇಕು. ಉಳಿದದ್ದು ನಮ್ಮ ನಮ್ಮ ಆತ್ಮಸಾಕ್ಷಿಗೆ ಬಿಟ್ಟದ್ದು. ಅಲ್ಲಿ ಅಗತ್ಯ ಎಂಬ ಅಳತೆಗೋಲು ಎಲ್ಲರಿಗೂ ಒಂದೇ ಉತ್ತರ ಕೊಡುವುದಿಲ್ಲ. ಯಾದಗಿರಿಯ ಮಗುವಿಗೆ ಮೊಟ್ಟೆ ಅಗತ್ಯ. ಕಾಳು, ಬೇಳೆ, ತರಕಾರಿ, ಸೋಯಾಹಾಲು ಎಲ್ಲವೂ ಕೈಗೆಟಕುವ ಲೀಕ್ಸ್‌ಲಿಪ್ಪಿನ ನಮಗೆ ಅಗ್ಗದ ಕೋಳಿಯಾಗಲಿ, ದಿನಕ್ಕೆ ನಾಲ್ಕು ಲೋಟ ಚಹಾದ ಹಾಲಾಗಲಿ ಅಷ್ಟು ಅಗತ್ಯವೇ ಎಂದು ಕೇಳಿಕೊಳ್ಳುವ ಹೊಣೆ ಹೆಚ್ಚು. ಆ ಪ್ರಶ್ನೆಯನ್ನು ನಾವು ನಮಗೆ ಕೇಳಿಕೊಳ್ಳಬೇಕು, ಪಕ್ಕದವನ ಪಾತ್ರೆಯ ಮುಚ್ಚಳ ತೆಗೆದು ಅಲ್ಲ.

ಮಾಡಬಹುದಾದ ಸಣ್ಣ ಕೆಲಸಗಳಿವೆ. ಲೀಕ್ಸ್‌ಲಿಪ್ ಉತ್ತರ ಕಿಲ್ಡೇರ್ ಕ್ಷೇತ್ರಕ್ಕೆ ಸೇರಿದೆ. ಪೌರತ್ವ ಪಡೆದ ನಮ್ಮಲ್ಲಿ ಹಲವರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತವಿದೆ. ಪಡೆಯದವರೂ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು, ಯಾರು ಬೇಕಾದರೂ ಪ್ರತಿನಿಧಿಗೆ ಪತ್ರ ಬರೆಯಬಹುದು. ಕೋರ್ಸಿಂಗ್, ನರಿಬೇಟೆ, ಕರುಗಳ ಸಾಗಾಟ ಈ ಮೂರರ ಬಗ್ಗೆಯೂ ನಾನು ಬರೆದಿದ್ದೇನೆ. ಮನೆಯ ಹಾಲನ್ನು ಅರ್ಧಕ್ಕೆ ಇಳಿಸಿದ್ದೇನೆ. ಮೊಸರನ್ನು ಬಿಡಲು ಆಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗುಂಪಿನಲ್ಲಿ ನನ್ನ ಹೆಬ್ಬೆರಳಿನ ಗುರುತನ್ನು ಹಿಂತೆಗೆದು, ಯಾಕೆಂದು ನಾಲ್ಕು ಸಾಲು ಬರೆದಾಗ ಇಬ್ಬರು ಒಪ್ಪಿದರು, ಒಬ್ಬರು 'ಹಬ್ಬದ ದಿನವೂ ರಾಜಕೀಯವೇ' ಎಂದು ಕೇಳಿದರು.

ಈ ವರ್ಷದ ರಾಜ್ಯೋತ್ಸವದ ಆಹ್ವಾನವನ್ನು ಮತ್ತೆ ನಾನೇ ಬರೆಯುತ್ತೇನೆಂದು ಕೇಳಿ ಪಡೆದಿದ್ದೇನೆ. 'ನಿಮ್ಮ ಮನೆಯಲ್ಲಿ ಹಬ್ಬಕ್ಕೆ ಮಾಡುವುದನ್ನು ತನ್ನಿ, ಪಾತ್ರೆಯ ಮೇಲೆ ಹೆಸರು ಬರೆದಿಡಿ' ಎಂದಷ್ಟೇ ಅದರಲ್ಲಿದೆ. ಮದ್ದೂರಿನ ಗೆಳೆಯನಿಗೆ ಬೇರೆಯಾಗಿ ಫೋನು ಮಾಡಿ, ಈ ಸಲ ಅವ್ವನ ಸಾರು ಬರಬೇಕು ಎಂದೆ. ನೋಡೋಣ ಕಣಣ್ಣ ಎಂದಿದ್ದಾನೆ.